ಧರ್ಮಕೇಂದ್ರಕ್ಕೊಂದು ಅಂತರ್ಜಾಲ ತಾಣ



ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂಬ ಪ್ರಭು ಯೇಸುವಿನ ಸಾಮತಿಯನ್ನು ಸಂತ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಓದುತ್ತೇವೆ. ನಮ್ಮ ಧರ್ಮಕೇಂದ್ರಕ್ಕೂ ಅಂತರ್ಜಾಲ ತಾಣ ಬೇಕೆಂದು ಯುವಜನರು ಕೇಳಿದಾಗ ನಾವೂ ಹೀಗೆಯೇ ಕುಳಿತು ಲೆಕ್ಕ ಹಾಕಬೇಕು. ತಾಣ ಕಟ್ಟುವುದು ಈಗ ಸುಲಭ. ನಡೆಸಿಕೊಂಡು ಹೋಗುವುದೇ ಕಷ್ಟ. ಕೆಲಸಕ್ಕಾಗಿ ಊರು ಬಿಟ್ಟು ಬಂದ ಕುಟುಂಬವೊಂದು ತಾಣದಲ್ಲಿ ಕನ್ನಡ ಬಲಿಪೂಜೆಯ ವೇಳೆ ನೋಡಿಕೊಂಡು ಭಾನುವಾರ ಮಕ್ಕಳೊಂದಿಗೆ ಬರುತ್ತದೆ ಎನ್ನೋಣ. ಅಲ್ಲಿರುವುದು ಹಳೆಯ ವೇಳಾಪಟ್ಟಿಯಾದರೆ ಅವರು ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಾರೆ. ಮುಂದಿನ ವಾರ ಮತ್ತೆ ಬಂದಾರೆಯೇ?

ಹಿಂದೆ ತಾಣದಲ್ಲಿ ಒಂದು ಸಾಲು ತಿದ್ದಬೇಕಾದರೂ ಎಚ್‌ಟಿಎಂಎಲ್ ಎಂಬ ಸಂಕೇತಭಾಷೆ ಬಲ್ಲವರು ಬೇಕಿತ್ತು. ಈ ತೊಡಕು ನೀಗಿಸಲು ಬಂದದ್ದು ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ತಾಣದ ಬರಹ ಮತ್ತು ಚಿತ್ರಗಳನ್ನು ನಿರ್ವಹಿಸುವ ತಂತ್ರಾಂಶ. ಡ್ರೂಪಲ್ (2001), ವರ್ಡ್‌ಪ್ರೆಸ್ (2003), ಜೂಮ್ಲಾ (2005) ಈ ಬಗೆಯವು. ಮ್ಯಾಟ್ ಮುಲನ್‌ವೆಗ್ ಮತ್ತು ಮೈಕ್ ಲಿಟ್ಲ್ ಆರಂಭಿಸಿದ ವರ್ಡ್‌ಪ್ರೆಸ್ ಉಚಿತವಾಗಿ ಸಿಗುತ್ತದೆ. ಇದರಲ್ಲಿ ಬರಹ ಒಂದು ಕಡೆ, ತಾಣದ ಅಂದಚೆಂದ ಇನ್ನೊಂದು ಕಡೆ ಇರುತ್ತದೆ. ಅಂದಚೆಂದಕ್ಕೆ ‘ಥೀಮ್’ ಎನ್ನುತ್ತಾರೆ. ತಪಸ್ಸುಕಾಲದಲ್ಲಿ ನೇರಳೆ, ಪಾಸ್ಕಕಾಲದಲ್ಲಿ ಬಿಳಿ ಎಂದು ಗುರುಗಳ ಪೂಜಾವಸ್ತ್ರ ಬದಲಾದರೂ ಬಲಿಪೂಜೆ ಅದೇ ಅಲ್ಲವೇ? ಹಾಗೆಯೇ ಥೀಮ್ ಬದಲಿಸಿದರೂ ಬರೆದದ್ದು ಅಳಿಯುವುದಿಲ್ಲ.

ಮೊದಲ ಹೆಜ್ಜೆ, ತಾಣದ ಹೆಸರು. ಇದನ್ನು ನೋಂದಾಯಿಸಿ ಕಾಲಕಾಲಕ್ಕೆ ಹಣ ಕಟ್ಟಿ ನವೀಕರಿಸಬೇಕು; ಮರೆತರೆ ಹೆಸರು ಬೇರೆಯವರ ಪಾಲಾದೀತು. ನೋಂದಣಿ ಧರ್ಮಕೇಂದ್ರದ ಹೆಸರಿನಲ್ಲೇ, ಧರ್ಮಕೇಂದ್ರದ ಇಮೇಲ್‌ನಲ್ಲೇ ಇರಲಿ. ತಾಣ ಮಾಡಿಕೊಟ್ಟ ಹುಡುಗ ನಾಳೆ ಕೆಲಸಕ್ಕೆಂದು ದೂರದೇಶಕ್ಕೆ ಹೋದರೆ ಕೀಲಿ ಅವನೊಂದಿಗೆ ಹೋಗಬಾರದು.

ಎರಡನೆಯದು, ತಾಣವನ್ನಿಡಲು ಬಾಡಿಗೆ ಜಾಗ. ಇದಕ್ಕೆ ಹೋಸ್ಟಿಂಗ್ ಎನ್ನುತ್ತಾರೆ. ಇದನ್ನು ಒದಗಿಸುವ ಅನೇಕರು ವರ್ಡ್‌ಪ್ರೆಸ್ ಸ್ಥಾಪಿಸುವ ಸೌಲಭ್ಯವನ್ನೂ ಕೊಡುತ್ತಾರೆ.

ಮೂರನೆಯದು, ಬರಹ. ಸದಾ ಇರಬೇಕಾದ ಬಲಿಪೂಜೆಯ ವೇಳೆ, ಧರ್ಮಕೇಂದ್ರದ ಚರಿತ್ರೆ ಮುಂತಾದವು ‘ಪೇಜ್’ನಲ್ಲಿ, ಹಬ್ಬದ ನವೇನ, ಧರ್ಮೋಪದೇಶದ ತರಗತಿಯಂಥ ದಿನಾಂಕವುಳ್ಳ ಸುದ್ದಿಗಳು ‘ಪೋಸ್ಟ್’ನಲ್ಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಮೊದಲೇ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ನಾಲ್ಕನೆಯದು, ಜವಾಬ್ದಾರಿ. ‘ಕಾಂಟ್ರಿಬ್ಯೂಟರ್’ ಬರೆಯಬಹುದು, ಪ್ರಕಟಿಸಲಾರ. ‘ಎಡಿಟರ್’ ತಿದ್ದಿ ಪ್ರಕಟಿಸಬಹುದು. ‘ಅಡ್ಮಿನಿಸ್ಟ್ರೇಟರ್’ ಇಡೀ ತಾಣದ ಕೀಲಿ ಹಿಡಿದವನು. ಆದ್ದರಿಂದ ಸುದ್ದಿ ಬರೆಯುವ ಕೆಲಸವನ್ನು ಯುವಜನರಿಗೆ ಧೈರ್ಯವಾಗಿ ವಹಿಸಬಹುದು. ಪರಿಶೀಲಿಸಿ ಪ್ರಕಟಿಸುವ ಕೆಲಸ ಹಿರಿಯರೊಬ್ಬರಿಗಿರಲಿ. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಅಳವಡಿಸುವುದು, ತಾಣದ ಪ್ರತಿಯೊಂದನ್ನು ಬೇರೆಡೆ ತೆಗೆದಿಡುವುದು ಸಹ ಒಬ್ಬರ ಹೊಣೆಯಾಗಬೇಕು. ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಮಕ್ಕಳ ಚಿತ್ರಗಳನ್ನು ತಂದೆತಾಯಿಯರ ಒಪ್ಪಿಗೆಯಿಲ್ಲದೆ ಹಾಕಬಾರದು.

ಸಂತ ಎರಡನೆಯ ಜಾನ್ ಪಾಲರು 2002ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಅಂತರ್ಜಾಲವನ್ನು ಶುಭಸಂದೇಶ ಸಾರುವ ಹೊಸ ವೇದಿಕೆಯೆಂದು ಕಂಡರು. ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲ ಎಂದು ವ್ಯಾಟಿಕನ್ನಿನ ದಾಖಲೆಯೊಂದು ಅದೇ ವರ್ಷ ನೆನಪಿಸಿತು. ತಾಣವು ಜನರನ್ನು ದೇವಾಲಯದ ಬಾಗಿಲವರೆಗೆ ಕರೆತರಬಲ್ಲದು. ಒಳಗೆ ಬರಮಾಡಿಕೊಳ್ಳಬೇಕಾದವರು ನಾವು.

ದೇವಾಲಯಕ್ಕೆ ಗಂಟೆ ತಂದು ತೂಗುಹಾಕಿದರೆ ಸಾಲದು, ಹೊತ್ತಿಗೆ ಸರಿಯಾಗಿ ಬಾರಿಸುವವರೂ ಬೇಕು. ತಾಣ ಬೇಕೆನ್ನುವ ಧರ್ಮಕೇಂದ್ರ ಮೊದಲು ಆ ಗಂಟೆ ಬಾರಿಸುವವರನ್ನು ಆರಿಸಿಕೊಳ್ಳಲಿ. ಅವರ ಮೌನಸೇವೆಯನ್ನು ಪ್ರಭು ಹರಸಲಿ.