ಕಾಣಿಕೆಗಿಂತ ಮೊದಲು ಸಂಧಾನ

ಮನಸ್ತಾಪದ ಪರಿಹಾರವನ್ನು ಕುರಿತ ಕ್ರೈಸ್ತ ಬೋಧನೆಯ ಎರಡು ಮುಖ್ಯ ಆಧಾರಗಳು ಹೊಸ ಒಡಂಬಡಿಕೆಯ, ಅಂದರೆ ಬೈಬಲ್ಲಿನ ಎರಡನೆಯ ಭಾಗದ, ಮತ್ತಾಯನ ಸುವಾರ್ತೆಯಲ್ಲಿವೆ. ಅದರ 5ನೆಯ ಅಧ್ಯಾಯದಲ್ಲಿ, ಪರ್ವತ ಪ್ರಸಂಗವೆಂದು ಹೆಸರಾದ ಉಪದೇಶದ ನಡುವೆ, ಯಜ್ಞವೇದಿಗೆ ಕಾಣಿಕೆ ತಂದವನಿಗೆ ತನ್ನ ಬಗ್ಗೆ ಸಹೋದರನೊಬ್ಬನ ಮನಸ್ಸಿನಲ್ಲಿ ನೋವಿದೆಯೆಂಬ ನೆನಪು ಬಂದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನೊಡನೆ ಒಂದಾಗಿ, ಆಮೇಲೆ ಬಂದು ಅರ್ಪಿಸಬೇಕೆಂದು ಯೇಸು ಬೋಧಿಸುತ್ತಾರೆ. ಕೇಳುಗರಿದ್ದುದು ಗಲಿಲಾಯದಲ್ಲಿ, ವೇದಿಯಿದ್ದುದು ದೂರದ ಯೆರೂಸಲೇಮಿನ ದೇವಾಲಯದಲ್ಲಿ. ನಡುವಿನ ದಾರಿ ಹಲವು ದಿನಗಳ ಕಾಲ್ನಡಿಗೆಯದಾದ್ದರಿಂದ, ಊರಿನ ನೆರೆಯವನೊಡನೆ ರಾಜಿಯಾಗಿ ಬರುವುದೆಂದರೆ ಇಡೀ ಯಾತ್ರೆಯನ್ನೇ ಮತ್ತೊಮ್ಮೆ ಕೈಗೊಂಡಂತಾಗುತ್ತಿತ್ತು ಎಂಬುದನ್ನು ನೆನೆದಾಗ ಈ ಮಾತಿನ ಭಾರ ತಿಳಿಯುತ್ತದೆ. ಆದಿ ಕ್ರೈಸ್ತ ಸಭೆಯ ಕೈಪಿಡಿಯಾದ ‘ದಿದಾಖೆ’ಯೂ ಜಗಳವಾಡಿಕೊಂಡವರು ರಾಜಿಯಾಗುವವರೆಗೆ ಸಮೂಹದ ಆರಾಧನೆಯಲ್ಲಿ ಸೇರಬಾರದೆಂದು ವಿಧಿಸಿತು.

ಅದೇ ಸುವಾರ್ತೆಯ 18ನೆಯ ಅಧ್ಯಾಯ ನೊಂದವನನ್ನು ಕುರಿತು ಮಾತನಾಡುತ್ತದೆ. ಅವನು ತಪ್ಪು ಮಾಡಿದವನ ಬಳಿಗೆ ಒಬ್ಬನೇ ಹೋಗಿ ಮಾತನಾಡಬೇಕು. ಆತ ಕೇಳದಿದ್ದರೆ ಮತ್ತೊಬ್ಬಿಬ್ಬರನ್ನು ಕರೆದೊಯ್ಯಬೇಕು, ಏಕೆಂದರೆ ಎರಡು ಮೂರು ಸಾಕ್ಷಿಗಳಿಂದ ಮಾತು ಸ್ಥಿರಪಡಬೇಕೆಂಬುದು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ ನಿಯಮ. ಆಗಲೂ ಒಪ್ಪದಿದ್ದರೆ ಸಭೆಗೆ, ಅಂದರೆ ವಿಶ್ವಾಸಿಗಳ ಸಮುದಾಯಕ್ಕೆ, ತಿಳಿಸಬೇಕು. ಹೀಗೆ ನೋಯಿಸಿದವನಿಗೂ ನೊಂದವನಿಗೂ ತಾನೇ ಎದ್ದು ಹೋಗುವ ಹೊಣೆಯಿದ್ದು, ಎದುರಿನವನು ಬರಲೆಂದು ಕಾಯುತ್ತ ಕೂರುವ ಅವಕಾಶ ಯಾರಿಗೂ ಇಲ್ಲದಿರುವುದೇ ಈ ಬೋಧನೆಯ ತಿರುಳು. ಏಕಾಂತದ ಮಾತನ್ನು ಮೊದಲಿಗಿಟ್ಟಿರುವುದರಲ್ಲಿ ತಪ್ಪಿತಸ್ಥನ ಮಾನವನ್ನು ಕಾಯುವ ಕಾಳಜಿಯಿದೆ. ದೂರು ಊರೆಲ್ಲ ಸುತ್ತಿ ಕೊನೆಗೆ ಸಂಬಂಧಪಟ್ಟವನ ಕಿವಿಗೆ ಬೀಳುವ ರೂಢಿಗೆ ಇದು ನೇರ ವಿರುದ್ಧ.

ಆದರೂ ಈ ಕ್ರಮವನ್ನು ದುರ್ಬಲರ ಬಾಯಿ ಮುಚ್ಚಿಸಲು ಬಳಸುವುದು ಘೋರ ಅನ್ಯಾಯ. ಹಿಂಸೆಗೊಳಗಾದ ಮಹಿಳೆಯನ್ನೋ ಮಗುವನ್ನೋ ಹಿಂಸಿಸಿದವನೆದುರು ಒಂಟಿಯಾಗಿ ನಿಲ್ಲಿಸಬಾರದು. ಅಂಥಲ್ಲಿ ರಕ್ಷಣೆಯೂ ಕಾನೂನಿನ ನೆರವೂ ಮೊದಲು ಬರಬೇಕು. ಸಂಧಾನದ ಈ ವಚನಗಳಿಗೆ ಮುಂಚೆಯೇ 18ನೆಯ ಅಧ್ಯಾಯದಲ್ಲಿ ಚಿಕ್ಕವರಿಗೆ ಕೇಡು ಬಗೆಯುವವರ ಬಗ್ಗೆ ಅತಿ ಕಠಿಣವಾದ ಎಚ್ಚರಿಕೆಯಿದೆ.

ಎಲ್ಲ ವಿವಾದಗಳೂ ಕೂಡಲೇ ಬಗೆಹರಿಯುತ್ತವೆಂದು ಹೊಸ ಒಡಂಬಡಿಕೆ ನಟಿಸುವುದಿಲ್ಲ. ಸುವಾರ್ತೆ ಸಾರುವ ಹಿಂದಿನ ಪ್ರಯಾಣದಲ್ಲಿ ನಡುವೆಯೇ ಬಿಟ್ಟುಹೋಗಿದ್ದ ಸಂಗಡಿಗ ಮಾರ್ಕನನ್ನು ಮತ್ತೆ ಜೊತೆಗೆ ಕರೆದೊಯ್ಯಬೇಕೇ ಎಂಬ ವಿಷಯದಲ್ಲಿ ಅಪೊಸ್ತಲರಾದ ಪೌಲನಿಗೂ ಬಾರ್ನಬನಿಗೂ ತೀವ್ರ ವಾಗ್ವಾದವಾಗಿ, ಬಾರ್ನಬ ಮಾರ್ಕನೊಡನೆ ಸೈಪ್ರಸ್‌ಗೂ, ಪೌಲ ಸೀಲನೊಡನೆ ಸಿರಿಯದ ಕಡೆಗೂ ಹೊರಟರೆಂದು ‘ಅಪೊಸ್ತಲರ ಕೃತ್ಯಗಳು’ ಗ್ರಂಥದ 15ನೆಯ ಅಧ್ಯಾಯ ಮುಚ್ಚುಮರೆಯಿಲ್ಲದೆ ದಾಖಲಿಸುತ್ತದೆ. ಪೌಲನ ಹೆಸರಿನಲ್ಲಿರುವ, ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಮಾತ್ರ ಅದೇ ಮಾರ್ಕನನ್ನು ಸೇವೆಗೆ ಉಪಯುಕ್ತನೆಂದು ಹೊಗಳಿ, ಕರೆತರುವಂತೆ ಕೇಳಲಾಗಿದೆ. ಅಂದಿನ ವಾದದಲ್ಲಿ ಸರಿ ಯಾರ ಕಡೆಗಿತ್ತೆಂಬ ತೀರ್ಪನ್ನು ಈ ಎರಡು ಬರಹಗಳಲ್ಲಿ ಯಾವುದೂ ಕೊಡುವುದಿಲ್ಲ.