ಆಟದ ವೀರ ಸತ್ತರೆ ಮಗುವಿಗೆ ಅಳು ಏಕೆ?

ಈಚೆಗೆ ಕೆಲವು ಮನೆಗಳಲ್ಲಿ ರಜೆ ಬಂತೆಂದರೆ ಮಕ್ಕಳು ಗುಂಪುಕಟ್ಟಿ ಊಟದ ಮೇಜಿನ ಸುತ್ತ ಕೂತುಬಿಡುತ್ತಾರೆ. ಕೈಯಲ್ಲಿ ಕಾಗದ, ಪೆನ್ಸಿಲ್, ಬಣ್ಣಬಣ್ಣದ ದಾಳ. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ‘ನಾನು ಮಂತ್ರವಾದಿ’, ‘ನಾನು ಬಿಲ್ಲುಗಾರ್ತಿ’ ಎನ್ನುತ್ತಾ ಆ ಕಥೆಯೊಳಗೆ ಹೊಕ್ಕುತ್ತಾರೆ. ಒಂದು ದಿನ ಮಗಳು ಮುಖ ಊದಿಸಿಕೊಂಡು ಎದ್ದುಬರುತ್ತಾಳೆ. ಏನಮ್ಮಾ ಎಂದರೆ, ‘ನನ್ನ ಪಾತ್ರ ಸತ್ತುಹೋಯ್ತು!’ ಅಂತಾಳೆ. ಆಗ ನೀವು ನಗಬೇಡಿ, ಗದರಲೂಬೇಡಿ.

ನಮ್ಮ ಚೌಕಾಬಾರದಲ್ಲಿ ಕಾಯಿ ಹೊಡೆಸಿಕೊಂಡರೆ ಮನೆಗೆ ಹೋಗಿ ಮತ್ತೆ ಹೊರಡುತ್ತದೆ. ಆ ಕಾಯಿಗೆ ಹೆಸರಿಲ್ಲ, ಊರಿಲ್ಲ. ಆದರೆ ಈ ಆಟದ ಪಾತ್ರಕ್ಕೆ ಮಗುವೇ ಹೆಸರಿಟ್ಟು, ತಿಂಗಳುಗಟ್ಟಲೆ ಬೆಳೆಸಿರುತ್ತದೆ. ಒಂದು ದಾಳ ಕೆಟ್ಟದಾಗಿ ಬಿದ್ದರೆ ಎಲ್ಲ ಮುಗಿಯಿತು. ಸಂಕಟವಾಗದೆ ಇರುತ್ತದೆಯೇ?

ನಿಯಮ ಮೆತ್ತಗಾದ ಬಗೆ

ಈ ಬಗೆಯ ಆಟಗಳಿಗೆಲ್ಲ ಮೊದಲಿನದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು 1974ರಲ್ಲಿ ಹೊರತಂದರು. ಪ್ರತಿ ಪಾತ್ರಕ್ಕೂ ‘ಹಿಟ್ ಪಾಯಿಂಟ್’ ಎಂಬ ಕಸುವಿನ ಲೆಕ್ಕವಿರುತ್ತದೆ. ಮೊದಲಿಗೆ ಅದು ಸೊನ್ನೆಯಾದರೆ ಸಾವೇ ಸರಿ. 1979ರ ಮಾರ್ಗದರ್ಶಿ ಪುಸ್ತಕದಲ್ಲಿ ಸ್ವಲ್ಪ ಕರುಣೆ ಬಂತು. ಸೊನ್ನೆಗೆ ಇಳಿದವನು ಎಚ್ಚರತಪ್ಪಿ ಬೀಳುತ್ತಾನೆ. ಸುತ್ತಿಗೊಂದರಂತೆ ಅಂಕ ಇನ್ನೂ ಇಳಿದು, ಸೊನ್ನೆಗಿಂತ ಹತ್ತು ಕಡಿಮೆಯಾದಾಗ ಸಾವು. ಅಷ್ಟರೊಳಗೆ ಜೊತೆಗಾರರು ಆರೈಕೆ ಮಾಡಿದರೆ ಬದುಕಿಕೊಳ್ಳುತ್ತಾನೆ, ಆದರೆ ಒಂದು ವಾರ ವಿಶ್ರಾಂತಿ ಕಡ್ಡಾಯ!

2014ರ ನಿಯಮ ಇನ್ನೂ ಮೃದು. ಬಿದ್ದವನು ತನ್ನ ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಹತ್ತು ಅಥವಾ ಹೆಚ್ಚು ಬಿದ್ದರೆ ಗೆಲುವು, ಕಡಿಮೆಯಾದರೆ ಸೋಲು. ಮೂರು ಗೆಲುವಿಗೆ ಜೀವ ನಿಲ್ಲುತ್ತದೆ, ಮೂರು ಸೋಲಿಗೆ ಹೋಗುತ್ತದೆ. ಇಪ್ಪತ್ತೇ ಬಿದ್ದರೆ ಎದ್ದು ಕೂರುತ್ತಾನೆ, ಒಂದು ಬಿದ್ದರೆ ಎರಡು ಸೋಲಿನ ಲೆಕ್ಕ. ಸತ್ತ ಮೇಲೂ ಒಂದು ನಿಮಿಷದೊಳಗಾದರೆ ಬದುಕಿಸುವ ಮಂತ್ರವಿದೆ. ಅದಕ್ಕೆ 300 ಚಿನ್ನದ ನಾಣ್ಯ ಬೆಲೆಬಾಳುವ ವಜ್ರ ಬೇಕು.

ಇಲ್ಲೊಂದು ತೊಡಕೂ ಇದೆ. ಬಿದ್ದವನಿಗೆ ಯಾರಾದರೂ ಒಂದು ಅಂಕದಷ್ಟು ಮದ್ದು ಕೊಟ್ಟರೂ ಸಾಕು, ಏನೂ ಆಗಿಲ್ಲವೆಂಬಂತೆ ಎದ್ದು ಹೋರಾಡುತ್ತಾನೆ. ಹೀಗಾದರೆ ಸಾವಿನ ಭಯವೇ ಹೋಗಿ ಆಟ ಸಪ್ಪೆ. ಉಪ್ಪು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ, ಅಲ್ವೇ?

ಮನೆಗೊಂದು ಪದ್ಧತಿ

ಚೌಕಾಬಾರಕ್ಕೂ ಮನೆಮನೆಗೆ ಬೇರೆ ನಿಯಮ ಉಂಟು. ಹಾಗೆಯೇ ಇಲ್ಲೂ ಆಡುವವರು ಹದ ನೋಡಿ ತಿದ್ದಿಕೊಳ್ಳುತ್ತಾರೆ. ಕೆಲವು ದಾರಿಗಳು ಹೀಗಿವೆ:

* ಸಣ್ಣ ಮಕ್ಕಳ ಗುಂಪಾದರೆ ಸಾವೇ ಬೇಡ. ಸೋತವನು ಸೆರೆಸಿಕ್ಕಲಿ, ಅಥವಾ ಮೆಚ್ಚಿನ ಕತ್ತಿ ಕಳೆದುಕೊಳ್ಳಲಿ. ಬಿಡಿಸಿ ತರುವುದೇ ಮುಂದಿನ ಕಥೆ.
* ದೊಡ್ಡವರಾದರೆ, ಬಿದ್ದು ಎದ್ದವನಿಗೆ ಪ್ರತಿಸಲವೂ ದಣಿವು ಕೂಡಲಿ. ಆಗ ಬೀಳಲು ಹೆದರುತ್ತಾರೆ.
* ಸಾವು ಖಚಿತವಾದರೆ, ಕಡೆಯದಾಗಿ ಒಂದು ಸಾಹಸ ಮಾಡಲು ಅವಕಾಶ ಸಿಗಲಿ. ಗೆಳೆಯರನ್ನು ಉಳಿಸಿ ಸತ್ತ ವೀರನನ್ನು ಎಲ್ಲರೂ ನೆನೆಯುತ್ತಾರೆ.
* ಪಾತ್ರ ಕಳೆದುಕೊಂಡ ಮಗು ಮೂರು ಗಂಟೆ ಸುಮ್ಮನೆ ಕೂರಬಾರದು. ಕಥೆಯಲ್ಲಿ ಬರುವ ದಾರಿಹೋಕನನ್ನೋ ಕಾವಲುಗಾರನನ್ನೋ ಕೂಡಲೇ ಅದರ ಕೈಗೆ ಕೊಡಬೇಕು.

ಇವುಗಳಲ್ಲಿ ಯಾವುದನ್ನು ಆರಿಸಿದರೂ ಆಟ ಶುರುವಾಗುವ ಮೊದಲೇ ಆರಿಸಬೇಕು. ಇದು ಮುಖ್ಯ. ದಾಳ ಬಿದ್ದ ಮೇಲೆ ಅತ್ತವರಿಗೊಂದು, ಸುಮ್ಮನಿದ್ದವರಿಗೊಂದು ನ್ಯಾಯ ಮಾಡಿದರೆ ಸತ್ತದ್ದಕ್ಕಿಂತ ಹೆಚ್ಚು ನೋವಾಗುತ್ತದೆ. ‘ಮೊನ್ನೆ ನನ್ನವನು ಸತ್ತಾಗ ಯಾಕೆ ಬಿಡಲಿಲ್ಲ?’ ಎಂದು ಇನ್ನೊಂದು ಮಗು ಕೇಳಿದರೆ ಏನು ಹೇಳುವುದು? ನಿಯಮ ಸಾಲದೆನಿಸಿದರೆ ಆ ದಿನದ ಆಟ ಮುಗಿಸಿ, ಎಲ್ಲರೂ ಒಪ್ಪಿ, ಮುಂದಿನ ಸಲಕ್ಕೆ ಬದಲಿಸಲಿ.

ನೀವು ಆಟ ಕಲಿಯಬೇಕೆಂದೇನೂ ಇಲ್ಲ. ಮುಂದಿನ ಸಲ ಮಕ್ಕಳು ಸೇರಿದಾಗ ಒಂದು ತಟ್ಟೆ ಚುರುಮುರಿ ಇಟ್ಟು ಕೇಳಿ: ‘ಪಾತ್ರ ಸತ್ತರೆ ಏನು ಮಾಡ್ತೀರಿ? ಎಲ್ಲರೂ ಒಪ್ಪಿದ್ದೀರಾ? ಸತ್ತವರು ಆಮೇಲೆ ಏನಾಡಬೇಕು?’ ಉತ್ತರವನ್ನು ಒಂದು ಹಾಳೆಯಲ್ಲಿ ಬರೆಸಿಬಿಡಿ.