ಹೆದ್ದಾರಿಯಿಂದ ಚಾಲಕರು ಕೇಳುವ ಪ್ರಶ್ನೆಗಳು: ಸರಕು ಹೇರುವವರು ಅರಿತಿರಬೇಕಾದ ಉತ್ತರಗಳು

ಸರಕು ಕಾರ್ಖಾನೆಯ ಬಾಗಿಲು ದಾಟಿದ ಮೇಲೆ ಅದರ ಹೊಣೆ ಸಾಗಣೆದಾರರದು, ದಾರಿಯ ಕಷ್ಟ ಚಾಲಕನದು ಎಂಬ ಭಾವನೆ ನಮ್ಮ ವ್ಯಾಪಾರಿಗಳಲ್ಲಿಯೂ ಸಣ್ಣ ಉದ್ಯಮಿಗಳಲ್ಲಿಯೂ ಬೇರೂರಿದೆ. ಆದರೆ ಲಾರಿ ಚಾಲಕರು ಹೆದ್ದಾರಿಯಿಂದ ದೂರವಾಣಿ ಮಾಡಿ ಕೇಳುವ ಪ್ರಶ್ನೆಗಳನ್ನು ಗಮನಿಸಿದರೆ, ಅವುಗಳಲ್ಲಿ ಬಹುಪಾಲು ಸರಕು ಹೇರುವ ಮುನ್ನವೇ ಕಚೇರಿಯಲ್ಲಿ ಇತ್ಯರ್ಥವಾಗಬೇಕಾಗಿದ್ದವು ಎಂಬುದು ತಿಳಿಯುತ್ತದೆ. ದಂಡ, ವಿಳಂಬ, ಸರಕಿನ ತಡೆಹಿಡಿಯುವಿಕೆ ಇವುಗಳ ಭಾರ ಯಾವ ಹೆಸರಿನಲ್ಲಿ ಬಂದರೂ ಕೊನೆಗೆ ಸೇರುವುದು ಸರಕಿನ ಒಡೆಯನ ಲೆಕ್ಕಕ್ಕೇ. ಆದುದರಿಂದ ಪದೇ ಪದೇ ಕೇಳಿಬರುವ ಕೆಲವು ಪ್ರಶ್ನೆಗಳನ್ನು ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಪರಿಶೀಲಿಸಲಾಗಿದೆ.

ಯಾವ 48?

"48ರಲ್ಲಿ ಬಾ ಎಂದಿದ್ದೀರಿ, ಯಾವ 48?" ಎಂಬುದು ಹಳೆಯ ಚಾಲಕರು ಇಂದಿಗೂ ಕೇಳುವ ಪ್ರಶ್ನೆ. ಇದು ನ್ಯಾಯವಾದ ಪ್ರಶ್ನೆಯೇ ಆಗಿದೆ. 2010ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳನ್ನು ನೀಡಿತು. ಅದಕ್ಕೆ ಮೊದಲು ನೆಲಮಂಗಲದಿಂದ ಹಾಸನ, ಸಕಲೇಶಪುರಗಳ ಮೂಲಕ ಮಂಗಳೂರಿಗೆ ಹೋಗುವ ರಸ್ತೆ 48 ಆಗಿತ್ತು. ಈಗ ಅದು 75. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರುಗಳನ್ನು ಹಾದು ಬೆಂಗಳೂರಿಗೆ ಬರುವ ಹಳೆಯ 4ನೇ ಹೆದ್ದಾರಿಯೇ ಈಗಿನ 48. ಆದರೆ ಹಳೆಯ 4 ಎಲ್ಲೆಡೆಯೂ 48 ಆಗಿಲ್ಲ. ಬೆಂಗಳೂರಿನಿಂದ ಮುಂದೆ ಕೋಲಾರದ ಕಡೆಗೆ ಹೋಗುವ ಅದರ ಭಾಗ 75ರಲ್ಲಿ ಸೇರಿದೆ. ಹೊಸ 48 ಹೊಸೂರು, ಕೃಷ್ಣಗಿರಿಗಳ ಮೂಲಕ ಚೆನ್ನೈಗೆ ತಲಪುತ್ತದೆ. ಹೊಸೂರು ರಸ್ತೆ ಹಿಂದೆ 7 ಆಗಿದ್ದು ಈಗ 44 ಎಂದೂ ಕರೆಯಲ್ಪಡುತ್ತದೆ. ಕರಾವಳಿಯ 17 ಈಗ 66. ಚಿತ್ರದುರ್ಗ, ಹೊಸಪೇಟೆ, ವಿಜಯಪುರಗಳ 13 ಈಗ 50. ಹುಬ್ಬಳ್ಳಿಯಿಂದ ಹೊಸಪೇಟೆ, ಬಳ್ಳಾರಿಗಳಿಗೆ ಹೋಗುವ 63 ಈಗ 67.

ಹೊಸ ಸಂಖ್ಯೆಗಳಿಗೆ ಒಂದು ಕ್ರಮವಿದೆ. ಸರಿಸಂಖ್ಯೆಯ ಹೆದ್ದಾರಿಗಳು ಉತ್ತರ ದಕ್ಷಿಣವಾಗಿ ಹರಿಯುತ್ತವೆ ಮತ್ತು ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಸಂಖ್ಯೆ ಏರುತ್ತದೆ: ಚಿಕ್ಕಬಳ್ಳಾಪುರದ ಬಳಿ 44, ಕಡಲ ದಂಡೆಯಲ್ಲಿ 66. ಬೆಸಸಂಖ್ಯೆಯವು ಪೂರ್ವ ಪಶ್ಚಿಮವಾಗಿ ಹೋಗುತ್ತವೆ. ಉತ್ತರದಿಂದ ದಕ್ಷಿಣಕ್ಕೆ ಇಳಿದಂತೆ ಏರುತ್ತವೆ: ಹುಮನಾಬಾದಿನಲ್ಲಿ 65, ಬಳ್ಳಾರಿಯಲ್ಲಿ 67, ಹಾಸನದಲ್ಲಿ 75. ಮೂರು ಅಂಕಿಯವು ಕವಲುಗಳು. ಮೈಸೂರು, ಮಡಿಕೇರಿಗಳ ಮೂಲಕ ಸಾಗುವ 275 ಎಂಬುದು 75ರ ಕವಲು. ಇಷ್ಟು ತಿಳಿದಿದ್ದರೆ ಅಪರಿಚಿತ ಊರಿನ ಫಲಕ ನೋಡಿಯೂ ದಿಕ್ಕನ್ನು ಊಹಿಸಬಹುದು.

ಇದರಲ್ಲಿ ವ್ಯಾಪಾರಿಗೇನು ಎಂದು ಕೇಳಬಹುದು. ನಮ್ಮ ಅನೇಕ ಸದಸ್ಯರ ಬಿಲ್ಲು ಪುಸ್ತಕಗಳಲ್ಲಿ, ಗೋದಾಮಿನ ಫಲಕಗಳಲ್ಲಿ ಇಂದಿಗೂ ಹಳೆಯ ಸಂಖ್ಯೆಯೇ ಅಚ್ಚಾಗಿದೆ. ಹೊರರಾಜ್ಯದ ಚಾಲಕ ಮೊಬೈಲಿನ ನಕ್ಷೆಯಲ್ಲಿ ಹುಡುಕಿದಾಗ ಸಿಗುವುದು ಹೊಸ ಸಂಖ್ಯೆ. ವಿಳಾಸದಲ್ಲಿ ಹೊಸ ಸಂಖ್ಯೆಯನ್ನೂ ಹತ್ತಿರದ ಕಿಲೋಮೀಟರ್ ಕಲ್ಲನ್ನೂ ಸೇರಿಸುವುದಕ್ಕೆ ಖರ್ಚೇನೂ ಇಲ್ಲ. ರಾಷ್ಟ್ರೀಯ ಹೆದ್ದಾರಿಯ ಕಲ್ಲಿನ ತಲೆಗೆ ಹಳದಿ ಬಣ್ಣ, ರಾಜ್ಯ ಹೆದ್ದಾರಿಯದಕ್ಕೆ ಹಸಿರು ಎಂಬುದನ್ನು ಹೇಳಿದರೆ ಹೊಸ ಚಾಲಕನಿಗೂ ಗುರುತು ಸಿಗುತ್ತದೆ.

ಫಲಕ ಹೇಳುವುದೇನು?

ರಸ್ತೆ ಫಲಕಗಳ ಮೂರು ವರ್ಗಗಳು ಚಾಲಕರಿಗೆ ತಿಳಿದವೇ. ವೃತ್ತಾಕಾರದವು ಆಜ್ಞೆ, ತ್ರಿಕೋನದವು ಎಚ್ಚರಿಕೆ, ಆಯತಾಕಾರದವು ಮಾಹಿತಿ. 1988ರ ಮೋಟಾರು ವಾಹನ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇವುಗಳ ಚಿತ್ರಗಳಿವೆ. ಸರಕು ಸಾಗಣೆಯಲ್ಲಿ ತೊಡಕು ತರುವವು ಅಂಕಿಗಳಿರುವ ಕೆಂಪು ವೃತ್ತಗಳು. ಟನ್ನಿನ ಅಂಕಿ ಮಾತ್ರ ಇದ್ದರೆ ಅದು ಲಾರಿ ಮತ್ತು ಸರಕು ಸೇರಿದ ಒಟ್ಟು ತೂಕದ ಮಿತಿ. ಅಂಕಿಯೊಡನೆ ಆಕ್ಸಲಿನ ಚಿತ್ರವಿದ್ದರೆ ಒಂದೊಂದು ಆಕ್ಸಲಿನ ಮೇಲೆ ಬೀಳುವ ಭಾರದ ಮಿತಿ. ಮೇಲೆ ಕೆಳಗೆ ಬಾಣಗಳಿದ್ದರೆ ಎತ್ತರ, ಎಡ ಬಲಗಳಲ್ಲಿದ್ದರೆ ಅಗಲ. ಎತ್ತರವನ್ನು ಅಳೆಯಬೇಕಾದುದು ನೆಲದಿಂದ, ಲಾರಿಯ ಹಲಗೆಯಿಂದ ಅಲ್ಲ. ಟಾರ್ಪಾಲು ಬಿಗಿದ ಮೇಲೆ ಅಳೆಯಬೇಕು, ಮೊದಲಲ್ಲ. ಹತ್ತಿ, ಹುಲ್ಲು, ಖಾಲಿ ಡ್ರಮ್ಮು, ಪ್ಲಾಸ್ಟಿಕ್ ಸಾಮಾನುಗಳಂಥ ಹಗುರ ಸರಕು ಕಳುಹಿಸುವವರು ತೂಕದ ಬಗ್ಗೆ ನಿಶ್ಚಿಂತರಾಗಿ ಎತ್ತರವನ್ನು ಮರೆಯುವುದುಂಟು. ರೈಲ್ವೆ ಕೆಳಸೇತುವೆಯ ಮುಂದೆ ಲಾರಿ ನಿಂತಾಗ ಅದು ನೆನಪಿಗೆ ಬರುತ್ತದೆ.

ವೇಗದ ವಿಷಯದಲ್ಲಿ ಒಂದು ಮಾತು. 2018ರ ಏಪ್ರಿಲ್ ಅಧಿಸೂಚನೆಯಂತೆ ಸರಕು ವಾಹನಗಳಿಗೆ ಎಕ್ಸ್‌ಪ್ರೆಸ್ ಮಾರ್ಗದಲ್ಲಿಯೂ ನಡುವೆ ವಿಭಜಕವಿರುವ ಚತುಷ್ಪಥದಲ್ಲಿಯೂ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ., ಇತರ ರಸ್ತೆಗಳಲ್ಲಿ 60. ಸ್ಥಳೀಯ ಫಲಕ ಇದಕ್ಕಿಂತ ಕಡಿಮೆ ಹೇಳಿದರೆ ಅದೇ ಅನ್ವಯ. ಹೀಗಿರುವಾಗ ಗ್ರಾಹಕನಿಗೆ ಇಂತಿಷ್ಟು ಗಂಟೆಗೆ ಸರಕು ಮುಟ್ಟುವುದೆಂದು ಮಾತು ಕೊಡುವವರು ಕಾರಿನ ವೇಗದಲ್ಲಿ ಲೆಕ್ಕ ಹಾಕಬಾರದು.

ಒಟ್ಟು ತೂಕ ಸರಿ ಇದೆ, ಆದರೂ ಏಕೆ ತಡೆದರು?

ಅತಿ ಹೆಚ್ಚು ಹಣ ಕಳೆಯುವ ಪ್ರಶ್ನೆ ಇದು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ಆಕ್ಸಲ್ ಭಾರದ ಮಿತಿಯನ್ನು ಹೆಚ್ಚಿಸಿತು. ನಾಲ್ಕು ಚಕ್ರಗಳ ಒಂಟಿ ಆಕ್ಸಲಿಗೆ 10.2 ಟನ್ ಇದ್ದದ್ದು 11.5 ಆಯಿತು; ಜೋಡಿ ಆಕ್ಸಲಿಗೆ 19 ಇದ್ದದ್ದು 21 ಆಯಿತು. ಎರಡು ಆಕ್ಸಲಿನ ಆರು ಚಕ್ರದ ಲಾರಿಯ ಒಟ್ಟು ತೂಕ 16.2 ಟನ್ನಿನಿಂದ 18.5ಕ್ಕೆ ಏರಿತು. ಈ ಸುದ್ದಿ ಓದಿದ ಹಲವರು ತಮ್ಮ ಎಲ್ಲ ಲಾರಿಗಳಿಗೂ ಎರಡು ಟನ್ ಹೆಚ್ಚು ಹೇರಬಹುದೆಂದು ತಿಳಿದುಕೊಂಡರು. ಕಾಯ್ದೆಯ 113ನೇ ಪ್ರಕರಣ ನೋಡುವುದು ಆ ವಾಹನದ ನೋಂದಣಿ ಪತ್ರದಲ್ಲಿ ಬರೆದಿರುವ ಒಟ್ಟು ತೂಕವನ್ನು. ಪತ್ರದಲ್ಲಿ 16.2 ಎಂದಿದ್ದರೆ ವೃತ್ತಪತ್ರಿಕೆಯಲ್ಲಿ ಏನೇ ಬಂದಿದ್ದರೂ ಆ ಲಾರಿಗೆ 16.2.

ಎರಡನೆಯದಾಗಿ, ಒಟ್ಟು ತೂಕ ಮಿತಿಯೊಳಗಿದ್ದರೂ ಸರಕೆಲ್ಲ ಹಿಂಭಾಗಕ್ಕೆ ಕೂಡಿಬಿದ್ದಿದ್ದರೆ ಹಿಂದಿನ ಆಕ್ಸಲಿನ ಮಿತಿ ಮೀರುತ್ತದೆ. ಕಬ್ಬಿಣದ ಸರಳು, ಗ್ರಾನೈಟ್ ಚಪ್ಪಡಿ, ಎರಕದ ಬಿಡಿಭಾಗ, ಯಂತ್ರ ಇಂಥ ಸಾಂದ್ರ ಸರಕುಗಳಲ್ಲಿ ಇದು ಸಾಮಾನ್ಯ. ಹಮಾಲರು ಇಳಿಸುವಾಗ ಸುಲಭವಾಗಲೆಂದು ಬಾಗಿಲ ಕಡೆಗೆ ಪೇರಿಸುತ್ತಾರೆ. ಅವರನ್ನು ದೂಷಿಸುವಂತಿಲ್ಲ, ಎಲ್ಲಿ ಇರಿಸಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಟೋಲ್ ಪ್ಲಾಜಾಗಳಲ್ಲಿ ಚಲಿಸುತ್ತಿರುವ ವಾಹನವನ್ನೇ ತೂಗುವ ಯಂತ್ರಗಳಿರುವುದರಿಂದ ಇಂಥದು ಈಗ ಕಣ್ತಪ್ಪಿ ಹೋಗುವುದು ಕಡಿಮೆ.

2019ರ ತಿದ್ದುಪಡಿಯ ನಂತರ, ಆ ವರ್ಷದ ಸೆಪ್ಟೆಂಬರ್ 1ರಿಂದ, 194ನೇ ಪ್ರಕರಣದ ದಂಡ 20,000 ರೂಪಾಯಿ ಹಾಗೂ ಹೆಚ್ಚುವರಿಯಾದ ಪ್ರತಿ ಟನ್ನಿಗೆ 2,000 ರೂಪಾಯಿ. 18.5 ಟನ್ನಿನ ಲಾರಿ 21.5 ಟನ್ ತೂಗಿದರೆ 26,000 ರೂಪಾಯಿ. ಇದಕ್ಕೆ ಸರಕು ಇಳಿಸುವ ಖರ್ಚು ಪ್ರತ್ಯೇಕ. ಹೆಚ್ಚುವರಿ ಸರಕನ್ನು ಇಳಿಸುವ ತನಕ ವಾಹನವನ್ನು ಮುಂದಕ್ಕೆ ಬಿಡುವಂತಿಲ್ಲ. ತೂಗಲು ನಿಲ್ಲಿಸದೆ ಅಥವಾ ತೂಗಲು ಒಪ್ಪದೆ ಹೋದ ಚಾಲಕನಿಗೆ 40,000 ರೂಪಾಯಿ ದಂಡ. ಪ್ರಕರಣದ ಭಾಷೆಯನ್ನು ಸದಸ್ಯರು ಗಮನಿಸಬೇಕು: ಓಡಿಸುವವನ ಜತೆಗೆ, ಓಡಿಸಲು ಕಾರಣನಾದವನನ್ನೂ ಅವಕಾಶ ಕೊಟ್ಟವನನ್ನೂ ಅದು ಒಳಗೊಳ್ಳುತ್ತದೆ. ಮೂರು ಟನ್ನಿನ ಬಾಡಿಗೆ ಉಳಿಸಲು ಹೋಗಿ ರಸ್ತೆ ಬದಿಯಲ್ಲಿ ಎರಡನೆಯ ಲಾರಿಯನ್ನು ಹುಡುಕುವ ಸ್ಥಿತಿ ಯಾವ ಲೆಕ್ಕಕ್ಕೂ ಕೂಡಿಬರುವುದಿಲ್ಲ. ಹೊರಡುವ ಮುನ್ನ ವೇ ಬ್ರಿಡ್ಜಿನಲ್ಲಿ ತೂಗಿಸಿ, ಚೀಟಿಯನ್ನು ಬಿಲ್ಟಿಗೆ ಲಗತ್ತಿಸುವುದು ಕ್ಷೇಮ.

ಖಾಲಿ ಲಾರಿಗೂ ಪೂರ್ತಿ ಟೋಲ್ ಏಕೆ?

2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು ವಾಹನದ ವರ್ಗವನ್ನೂ ರಸ್ತೆಯ ಉದ್ದವನ್ನೂ ನೋಡುತ್ತವೆಯೇ ಹೊರತು ಒಳಗಿರುವ ಸರಕನ್ನಲ್ಲ. ಪ್ರತಿ ವರ್ಷ ಏಪ್ರಿಲ್ 1ರಂದು ದರ ಪರಿಷ್ಕರಣೆಯಾಗುತ್ತದೆ. ಸ್ಥಿರವಾಗಿ ಶೇಕಡಾ 3ರ ಹೆಚ್ಚಳ ಮತ್ತು ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇಕಡಾ 40 ಇದಕ್ಕೆ ಆಧಾರ. ವರ್ಷಾವಧಿ ಬಾಡಿಗೆ ಒಪ್ಪಂದ ಮಾಡಿಕೊಳ್ಳುವವರು ಈ ದಿನಾಂಕವನ್ನು ನೆನಪಿನಲ್ಲಿಡಬೇಕು.

ರಿಯಾಯಿತಿಗಳು ಇದ್ದರೂ ಅವನ್ನು ಪಡೆಯುವವರು ವಿರಳ. 24 ಗಂಟೆಯೊಳಗೆ ಹಿಂದಿರುಗಿದರೆ ಹೋಗಿಬರುವ ಒಟ್ಟು ಶುಲ್ಕ ಒಂದೂವರೆ ಪಟ್ಟು ಮಾತ್ರ. ಈ ರಿಯಾಯಿತಿ ಫಾಸ್ಟ್ಯಾಗ್ ಇದ್ದವರಿಗಷ್ಟೇ. ಒಂದೇ ಪ್ಲಾಜಾವನ್ನು ಮೇಲಿಂದ ಮೇಲೆ ದಾಟುವ ವಾಹನಕ್ಕೆ ತಿಂಗಳಿಗೆ 50 ಪ್ರಯಾಣಗಳ ಪಾಸನ್ನು ಮೂರನೆಯ ಎರಡು ಭಾಗದ ದರದಲ್ಲಿ ಪಡೆಯಬಹುದು. ಪ್ಲಾಜಾ ಇರುವ ಜಿಲ್ಲೆಯಲ್ಲಿಯೇ ನೋಂದಣಿಯಾದ, ರಾಷ್ಟ್ರೀಯ ಪರವಾನಗಿ ಇಲ್ಲದ ವಾಣಿಜ್ಯ ವಾಹನಕ್ಕೆ ಅರ್ಧ ದರವುಂಟು, ಸರ್ವಿಸ್ ರಸ್ತೆ ಅಥವಾ ಬದಲಿ ಮಾರ್ಗ ಇಲ್ಲದ ಕಡೆಗಳಲ್ಲಿ. 2025ರ ಆಗಸ್ಟ್ 15ರಿಂದ 3,000 ರೂಪಾಯಿ ದರದಲ್ಲಿ ಆರಂಭವಾದ ವಾರ್ಷಿಕ ಪಾಸು ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ಸರಕು ವಾಹನಕ್ಕೆ ಅನ್ವಯಿಸದು. ಫಾಸ್ಟ್ಯಾಗ್ ಇಲ್ಲದಿದ್ದರೆ ನಗದಿಗೆ 2025ರಲ್ಲಿ ಎರಡು ಪಟ್ಟು ಇತ್ತು. 2025ರ ನವೆಂಬರ್ 15ರಿಂದ ಯುಪಿಐ ಮೂಲಕ ಪಾವತಿಸುವವರಿಗೆ ಒಂದೂಕಾಲು ಪಟ್ಟು.

ಘಾಟ್ ಮುಚ್ಚಿದೆ, ಏನು ಮಾಡಲಿ?

ಮಳೆಗಾಲದ ಈ ಕರೆಗೆ ಮಲೆನಾಡು ಕರಾವಳಿಗಳ ವ್ಯಾಪಾರಿಗಳು ಒಗ್ಗಿಹೋಗಿದ್ದಾರೆ. ಮಂಗಳೂರು ಬಂದರಿಗೆ ಹೋಗುವ ಪ್ರಮುಖ ದಾರಿಯಾದ ಶಿರಾಡಿ ಘಾಟಿಗೆ ಎರಡು ಹಂತಗಳಲ್ಲಿ, 2015 ಮತ್ತು 2018ರಲ್ಲಿ, ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿ ಕಾಂಕ್ರೀಟು ಹಾಸಲಾಯಿತು. 2018ರ ಜುಲೈನಲ್ಲಿ ರಸ್ತೆ ತೆರೆಯಿತು. ಆಗಸ್ಟಿನ ಮಳೆಗೆ ಗುಡ್ಡ ಕುಸಿದು ಮತ್ತೆ ಮುಚ್ಚಿತು. 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ಪುನಃ ಕುಸಿಯಿತು. ಇಷ್ಟು ಹಣ ಸುರಿದೂ ಏಕೆ ಹೀಗೆ ಎಂಬ ಚಾಲಕರ ಪ್ರಶ್ನೆಗೆ ಉತ್ತರ ಆ ಜಾಗದಲ್ಲಿಯೇ ಇದೆ. ಕಾಂಕ್ರೀಟು ಗಟ್ಟಿಗೊಳಿಸುವುದು ರಸ್ತೆಯ ಮೈಯನ್ನು. ಒಂದು ಬದಿಗೆ ಕೆಂಪುಹೊಳೆ, ಇನ್ನೊಂದು ಬದಿಗೆ ಅಗಲೀಕರಣಕ್ಕಾಗಿ ಕಡಿದಾಗಿ ಕತ್ತರಿಸಿದ ಮಣ್ಣಿನ ಗುಡ್ಡ ಇರುವಾಗ ಜಾರುವುದು ಇಳಿಜಾರು. ಇಳಿಜಾರನ್ನು ಭದ್ರಗೊಳಿಸದೆ ಚತುಷ್ಪಥ ಮಾಡಿ ಪ್ರಯೋಜನವಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ಬದಲಿ ಘಾಟ್‌ಗಳೆಲ್ಲ ಭಾರಿ ವಾಹನಗಳಿಗೆ ತೆರೆದಿರುವುದಿಲ್ಲ. ಕಾಯ್ದೆಯ 115ನೇ ಪ್ರಕರಣದಡಿ ಸಂಚಾರವನ್ನು ನಿರ್ಬಂಧಿಸುವ ಆದೇಶಗಳು ಹೊರಡುತ್ತವೆ. ಚಾರ್ಮಾಡಿ, ಸಂಪಾಜೆಗಳಿಗೆ ಲಾರಿಯನ್ನು ತಿರುಗಿಸುವ ಮೊದಲು ಅಂದಿನ ಆದೇಶವನ್ನು ವಿಚಾರಿಸಿಕೊಳ್ಳಬೇಕು. ಕೇರಳಕ್ಕೆ ಹೋಗುವವರಿಗೆ ಇನ್ನೊಂದು ಎಚ್ಚರಿಕೆ: ಬಂಡೀಪುರ ಅರಣ್ಯದ ಮೂಲಕ ಸಾಗುವ 766ರಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಂಚಾರ ನಿಷೇಧವಿದೆ. ಸಂಜೆ ತಡವಾಗಿ ಮೈಸೂರಿನಿಂದ ಹೊರಟ ಲಾರಿ ರಾತ್ರಿಯಿಡೀ ಗೇಟಿನ ಬಳಿ ಕಾಯಬೇಕಾಗುತ್ತದೆ.

ದಾರಿಯಲ್ಲಿ ಕಾಯುವ ಲಾರಿಯ ನಿಜವಾದ ಅಪಾಯ ಇ-ವೇ ಬಿಲ್ಲಿನದು. 2021ರ ಜನವರಿ 1ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ. ಮೊದಲು ಅದು 100 ಕಿ.ಮೀ.ಗೆ ಒಂದು ದಿನವಿತ್ತು. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ.; ದೊರೆಯುವುದು ಎರಡು ದಿನ. ಘಾಟ್ ಮುಚ್ಚಿ ಲಾರಿ ಸಕಲೇಶಪುರದಲ್ಲಿ ನಿಂತರೆ ಆ ಅವಧಿ ಅಲ್ಲಿಯೇ ಕರಗುತ್ತದೆ. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯ ತನಕ ಅದನ್ನು ವಿಸ್ತರಿಸಲು ಅವಕಾಶವಿದೆ. ಪ್ರಕೃತಿ ವಿಕೋಪವು ಅಂಗೀಕೃತ ಕಾರಣಗಳಲ್ಲೊಂದು. ಆ ಗಡುವು ತಪ್ಪಿ ತಪಾಸಣೆಗೆ ಸಿಕ್ಕರೆ ಸರಕನ್ನು ತಡೆಹಿಡಿಯಬಹುದು. 2022ರ ಜನವರಿ 1ರಿಂದ, ಮಾಲೀಕ ಮುಂದೆ ಬಂದಾಗಲೂ, ದಂಡ ತೆರಿಗೆಯ ಎರಡು ಪಟ್ಟು. ರಾತ್ರಿಯ ವೇಳೆ ಈ ವಿಸ್ತರಣೆಯನ್ನು ಯಾರು ಮಾಡುತ್ತಾರೆ, ನಿಮ್ಮ ಗುಮಾಸ್ತರೋ ಸಾಗಣೆದಾರರೋ ಎಂಬುದು ಸರಕು ಹೊರಡುವ ಮುನ್ನವೇ ನಿರ್ಧಾರವಾಗಿರಬೇಕು.

ಹೊಸ ರಸ್ತೆಗೆ ಹತ್ತುವುದೆಲ್ಲಿ?

2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಅದೇ ವರ್ಷ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳ ಪ್ರವೇಶ ನಿಷೇಧಿಸಲಾಗಿದೆ. ಮೂರು ಚಕ್ರದ ಗಾಡಿಯಲ್ಲಿ ಬಿಡಿಭಾಗ ಸಾಗಿಸುವ ಬಿಡದಿ, ರಾಮನಗರ, ಮಂಡ್ಯಗಳ ಸಣ್ಣ ಘಟಕಗಳಿಗೆ ಸರ್ವಿಸ್ ರಸ್ತೆಯೇ ಗತಿ. ಚನ್ನಪಟ್ಟಣದ ಬೊಂಬೆ ಅಂಗಡಿ, ಮದ್ದೂರಿನ ಹೋಟೆಲುಗಳಿಗೆ ಹಾದಿಹೋಕ ಗಿರಾಕಿಗಳು ಮೊದಲಿನಂತೆ ಸಹಜವಾಗಿ ಒದಗುವುದಿಲ್ಲ. ವೇಗದ ರಸ್ತೆಗೆ ಪ್ರವೇಶ ಸ್ಥಳಗಳನ್ನು ಮಿತಿಗೊಳಿಸುವುದು ಸರಿಯಾದ ಕ್ರಮವೇ. ಆದರೆ ಸರ್ವಿಸ್ ರಸ್ತೆ ಎಲ್ಲಿಯೂ ತುಂಡಾಗದೆ, ಮಳೆನೀರು ನಿಲ್ಲದೆ ಇರಬೇಕೆಂಬ ಬೇಡಿಕೆಯೂ ಅಷ್ಟೇ ಸರಿ.

ತಮ್ಮ ಕಾರ್ಖಾನೆಯ ಎದುರಿನ ವಿಭಜಕವನ್ನು ತೆರೆಸಿಕೊಡಬೇಕೆಂಬ ಕೋರಿಕೆಗಳು ಎಲ್ಲ ಹೆದ್ದಾರಿಗಳ ಉದ್ದಕ್ಕೂ ಇವೆ. ಲಾರಿಯೊಂದು ಎರಡು ಪಥಗಳನ್ನು ಅಡ್ಡಗಟ್ಟಿ ತಿರುಗುವ ಜಾಗ ಅಪಘಾತದ ಜಾಗವೂ ಹೌದಾದ್ದರಿಂದ ಇಂಥ ಕೋರಿಕೆಗೆ ಬೆಂಬಲ ಸೂಚಿಸುವುದು ಕಷ್ಟ. ಹೆದ್ದಾರಿಗೆ ಹೊಂದಿಕೊಂಡ ಜಮೀನಿನಲ್ಲಿ ಘಟಕ ಸ್ಥಾಪಿಸುವವರು 2002ರ ರಾಷ್ಟ್ರೀಯ ಹೆದ್ದಾರಿಗಳ ನಿಯಂತ್ರಣ ಕಾಯ್ದೆಯನ್ನು ತಿಳಿದಿರಬೇಕು. ಹೆದ್ದಾರಿಗೆ ದಾರಿ ಮಾಡಿಕೊಳ್ಳಲು ಅನುಮತಿ ಬೇಕು. ಹೆದ್ದಾರಿಯ ಜಾಗದಲ್ಲಿ ನೆಟ್ಟ ಫಲಕ, ಹಾಕಿದ ಷೆಡ್ಡು ಒತ್ತುವರಿ ಎನಿಸುತ್ತದೆ. ಜಮೀನು ಕೊಳ್ಳುವ ಮುನ್ನವೇ ಇದನ್ನು ವಿಚಾರಿಸಿದವರಿಗೆ ಮುಂದೆ ಗೇಟು ಬದಲಿಸುವ ಖರ್ಚು ಬರುವುದಿಲ್ಲ.

ದಾರಿಯಲ್ಲಿ ಲಾರಿ ಕೆಟ್ಟರೆ, ಅಪಘಾತವಾದರೆ ಅಥವಾ ರಸ್ತೆಗೆ ಸರಕು ಚೆಲ್ಲಿದರೆ ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಎಂಬ ಸಹಾಯವಾಣಿ ಹಗಲು ರಾತ್ರಿ ದೊರೆಯುತ್ತದೆ. ಕರೆ ಮಾಡುವಾಗ ಹೆದ್ದಾರಿಯ ಹೊಸ ಸಂಖ್ಯೆ, ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ, ಯಾವ ಊರಿನ ಕಡೆಗೆ ಹೋಗುತ್ತಿರುವ ಬದಿ ಎಂಬ ಮೂರನ್ನು ಹೇಳಿದರೆ ನೆರವಿನ ವಾಹನ ಬೇಗ ತಲಪುತ್ತದೆ. ಈ ಸಂಖ್ಯೆಯನ್ನು ಬಿಲ್ಟಿಯ ಮೇಲ್ಭಾಗದಲ್ಲಿ, ಕಚೇರಿಯಲ್ಲಿ ರಾತ್ರಿ ಉತ್ತರಿಸುವವರ ದೂರವಾಣಿಯೊಡನೆ, ಅಚ್ಚು ಹಾಕಿಸಬಹುದು.